ಪಗಾರ ಬರದಾಗ ದೇವರ ಮ್ಯಾಲ ಎಷ್ಟು ಭಾರ ಹಾಕಬೇಕು?

ತಮ್ಮಾ, ಇಂಡಿ ಕಡೆಯವ, ದುಬೈಗೆ ಬಂದು ಎರಡು ತಿಂಗಳಾತು, ಪಗಾರ ಇನ್ನೂ ಕೈಗೆ ಹತ್ತಿಲ್ಲ ಅಂತ ಬರದಿ. ಸಿಮ್ಮು, ಬಿಸಲು, ಕನ್ನಡದವ್ರು ಸಿಗತಾರೇನು ಅಂತೆಲ್ಲಾ ಕೇಳಿದಿ. ಕಡೀಕ, "ಅವ್ವ ದೇವರ ಮ್ಯಾಲ ಭಾರ ಹಾಕು ಅಂತಾಳ, ಎಷ್ಟು ದಿನ ಹಾಕ್ಲಿ ಅಣ್ಣಾ?" ಅಂದಿ. ಆ ಕಡೀ ಪ್ರಶ್ನೆ ಸಲುವಾಗಿನ ಬರ್ಯಾಕ ಕುಂತೀನಿ.

ಉಳದದ್ದು ಲಗೂನ ಹೇಳತೀನಿ. ಸಿಮ್ಮು ಯಾವುದಾದ್ರೂ ನಡೀತೈತಿ. ಬಿಸಲಿಗಿಂತ ಸೆಖೆ ಕೆಟ್ಟದ್ದು, ಮೈ ಬೆವರು ಆರೂದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆ ಮಟ ಬಿಸಲಾಗ ಕೆಲಸ ಮಾಡಿಸೂವಂಗಿಲ್ಲ, ಕಾನೂನೈತಿ. ಕನ್ನಡದವ್ರು ಭಾಳ ಮಂದಿ ಮಂಗಳೂರು, ಉಡುಪಿ ಕಡೆಯವ್ರು. ನಮ್ಮ ಮಾತು ಕೇಳಿ ನಗತಾರ, ಊಟಕ್ಕೂ ಕರೀತಾರ.

ನಾ ಬಂದದ್ದು 2008ರ ಕಡೀಗೆ, ಅಮೆರಿಕದ ಬ್ಯಾಂಕು ಮುಳುಗಿ ಇಲ್ಲಿ ಕ್ರೇನು ನಿಂತಲ್ಲೇ ನಿಂತಾಗ. ಕಂಪನಿಯವ್ರು ಮುಂದಿನ ತಿಂಗಳ, ಮುಂದಿನ ತಿಂಗಳ ಅನಕೋತ ಹ್ವಾದ್ರು. ಊರಾಗ ಅಪ್ಪ ಟ್ಯಾಂಕರ್ ನೀರು ಹಾಕಿ ನಿಂಬಿ ಗಿಡ ಉಳಿಸಿಕೊಂಡಿದ್ದ, ಏಜೆಂಟಗ ಕೊಟ್ಟ ಸಾಲದ ಬಡ್ಡಿ ಬೆಳೀತಿತ್ತು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನು?" ಅಂತ ನಮ್ಮವ್ವನೂ ಅಂದಳು. ಖರೇನ ಮೇಯಿಸಲಿಲ್ಲ. ಸೋನಾಪುರದಾಗಿನ ಕೂಲಿಕಾರರ ಕ್ಯಾಂಪಿನ ಬಾಜೂಕ ಒಬ್ಬ ಮಲಯಾಳಿ ಕಿರಾಣಿ ಅಂಗಡಿಯವ, ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದವ, ಉದ್ರಿ ಕೊಟ್ಟ. ಕುಬ್ಬೂಸು ಅನ್ನೂ ಅರಬ್ಬರ ರೊಟ್ಟಿ, ಉಳ್ಳಾಗಡ್ಡಿ, ಬ್ಯಾಳಿ. ಉದ್ದನ್ನ ಪುಸ್ತಕದಾಗ ಬರಕೋತಿದ್ದ, ಒಮ್ಮೆಯೂ ಯಾವಾಗ ಕೊಡತಿ ಅನಲಿಲ್ಲ.

ರಂಜಾನ್ ಬಂತು. ಮಸೂತಿ ಮುಂದ ಪ್ಲಾಸ್ಟಿಕ್ ಹಾಳಿ ಹಾಸಿ ಸಂಜಿಗೆ ಯಾರ ಬಂದ್ರೂ ಊಟಕ್ಕ ಕೂಡ್ರಸ್ತಿದ್ರು. ನಾ ಲಿಂಗಾ ಕಟಗೊಂಡವ, ಊರಾಗ ಮಠದ ಪಂಕ್ತಿಯೊಳಗ ಹುಗ್ಗಿ ನೀಡಿದ ಕೈ. ನೀಡೂ ಕೈಗೆ ಒಡ್ಡೂದು ಬಲು ಕಠಿಣ, ತಮ್ಮಾ. ಬಾಜೂಕ ಕುಂತ ಪಠಾಣ ಮುದುಕ ನನ್ನ ಬಿರ್ಯಾನಿ ತಾಟು ಹಂಗ ಉಳದದ್ದು ನೋಡಿದ. ಏನೂ ಕೇಳಲಿಲ್ಲ. ತನ್ನ ಪಾಲಿನ ಖರ್ಜೂರ, ಬಾಳಿಹಣ್ಣು, ಮಜ್ಜಿಗಿ ಬಾಟ್ಲಿ ನನ್ನ ಕಡೆ ಸರಿಸಿ ಆ ತಾಟು ತಾ ಎಳಕೊಂಡ. ಅವತ್ತಿನಿಂದ, ಅವತ್ತಿನ ತುತ್ತು ಅವತ್ತು ದೇವರು ಕೊಡತಾನ ಅನ್ನೂದರಾಗ ನನಗ ಸಂಶೇ ಇಲ್ಲ. ನಿನಗ ಹಸಿವಾದ್ರ ಜೆಬೆಲ್ ಅಲಿ ಗುರುದ್ವಾರಕ್ಕ ಹೋಗು. 2012ರಾಗ ಆಗೈತಿ, ನಮ್ಮ ದಾಸೋಹದಂಗ ಅಲ್ಲೂ ಜಾತಿ ಕೇಳೂದಿಲ್ಲ. ತಲಿ ಮ್ಯಾಲ ವಸ್ತ್ರ ಹಾಕ್ಕೊಂಡು ಕೂಡು, ನಾಚಬ್ಯಾಡ.

ಆದ್ರ ತುತ್ತು ಬ್ಯಾರೆ, ಪಗಾರ ಬ್ಯಾರೆ. ಹೆಚ್ಚಿಗಿ ತಂದ ಅಕ್ಕಿ ತಿರುಗಿ ಸುರದು ಬಾ ಅಂತ ಗಂಡ ಮಾರಯ್ಯಗ ಹೇಳಿದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತಿ ನಿನಗೂ ಗೊತ್ತೈತಿ. ಅದು ಮಾರಯ್ಯ ತಾನ ಆಯ್ದು ತಂದ ಅಕ್ಕಿ. ಯಾರೂ ಅವನ ಕೂಲಿ ಹಿಡದಿಟ್ಟಿರಲಿಲ್ಲ. ನಿನ್ನ ಕಾಯಕದ ರೊಕ್ಕ ಇನ್ನೊಬ್ಬನ ಖಾತೆದಾಗ ಕುಂತೈತಿ, ಅದನ್ನ ದೇವರಿಗೆ ಬಿಡೂದು ಭಕ್ತಿ ಅಲ್ಲ. ಪಗಾರ ಬ್ಯಾಂಕಿನ ಮೂಲಕನ ಹಾಕಬೇಕು ಅನ್ನೂ ಪದ್ಧತಿ ಇಲ್ಲಿ 2009ರಿಂದ ಐತಿ. ಕಾರ್ಮಿಕ ಸಚಿವಾಲಯದ ಆ್ಯಪಿನ್ಯಾಗ ಫಿರ್ಯಾದಿ ಕೊಡು, ಫೀ ಇಲ್ಲ. ಪಾಸ್‌ಪೋರ್ಟ್ ಕಂಪನಿ ಇಟಗೊಂಡಿದ್ರ ಅದನ್ನೂ ಕೇಳಿ ಇಸಗೋ, ಅದು ನಿಂದು. ಕೇಳಿದ್ರ ಊರಿಗೆ ಕಳಸ್ತಾರ ಅಂತ ಕೋಣ್ಯಾಗಿನವ್ರು ಅಂಜಸ್ತಾರ. ನಮ್ಮ ಕ್ಯಾಂಪಿನ್ಯಾಗ ಕೇಳಿದವ್ರಿಗೇ ಮೊದಲು ಸಿಕ್ತು, ಸುಮ್ಮ ಕುಂತವ್ರಿಗೆ ಅರ್ಧ.

ನನಗೂ ಬಂತು. ಕಿಸೆದಾಗ ಇಟಗೊಂಡು ಕಿರಾಣಿ ಅಂಗಡಿಗೆ ಹೋದೆ, ಶಟರ್ ಹಾಕಿತ್ತು. ಮಂದಿಯೆಲ್ಲಾ ಊರಿಗೆ ಹ್ವಾದ ಮ್ಯಾಲ ಯಾಪಾರ ನಿಂತು ಅವನೂ ಕೇರಳಕ್ಕ ಹ್ವಾದ ಅಂದ್ರು. ಯಾವ ಊರು, ಯಾರಿಗೂ ಗೊತ್ತಿಲ್ಲ. ಎಷ್ಟು ಮಂದಿ ಮಲಯಾಳಿಗಳನ್ನ ಕೇಳೀನೋ. ಆ ಉದ್ರಿ ಇನ್ನೂ ತೀರಿಲ್ಲ. ನಿನಗ ಕೊಟ್ಟವ್ರ ಊರು, ಫೋನ್ ನಂಬರು ಬರದಿಟಗೋ.

ಅವ್ವಗ ಊಟ ಆತು ಅಂತ ಹೇಳು, ಪಗಾರ ಬಂದಿಲ್ಲ ಅಂತನೂ ಹೇಳು. ಈ ರವಿವಾರ ರಜಾ ಇದ್ರ ಶಾರ್ಜಾಕ್ಕ ನಮ್ಮ ಮನಿಗೆ ಬಾ. ಜ್ವಾಳದ ಹಿಟ್ಟು ಐತಿ, ನಿಮ್ಮ ವೈನಿ ರೊಟ್ಟಿ ಬಡೀತಾಳ, ಗ್ಯಾಸಿನ ಮ್ಯಾಲ ಊರಿನಷ್ಟು ಉಬ್ಬೂದಿಲ್ಲ ಅಷ್ಟ. ಬರೂಮುಂದ ಕರಾರು ತಗೊಂಡು ಬಾ, ಪಗಾರದ ತಾರೀಖು ಏನೈತಿ ನೋಡೂನು.