ಗ್ರೀಸ್ ಬಿಡಿ, ಗ್ರಾಫ್ಟನ್‌ಗೆ ಬನ್ನಿ

ಪ್ರಿಯ ಲೇಖಕರೇ,

ಮೇ ತಿಂಗಳ ಪುರವಣಿಗೆಂದು ನೀವು ಕಳಿಸಿದ ‘ತಾಯಂದಿರ ದಿನ: ಹುಟ್ಟು ಮತ್ತು ಮಹತ್ವ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಇಷ್ಟು ಬರೆದು ನಾವು ಸುಮ್ಮನಾಗುತ್ತೇವೆ. ನಿಮಗೆ ಉದ್ದದ ಪತ್ರ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಎಂಟನೇ ಪ್ಯಾರಾ. ಅಲ್ಲಿ ನಾಲ್ಕೇ ಸಾಲಿನಲ್ಲಿ ಆನಾ ಜಾರ್ವಿಸ್ ಎಂಬ ಅಮೆರಿಕದ ಹೆಂಗಸು ಬಂದು ಹೋಗುತ್ತಾಳೆ. ತಾಯಂದಿರ ದಿನ ಬೇಕೆಂದು ಹೋರಾಡಿ ಗೆದ್ದವಳು, ಆಮೇಲೆ ಅದೇ ದಿನದ ಆಚರಣೆಯ ಮೇಲೆ ಹರಿಹಾಯ್ದವಳು. ಆಕೆಯನ್ನು ಅಲ್ಲೇ ಬಿಟ್ಟು ನೀವು ‘ತಾಯಿಯ ಋಣ ತೀರಿಸಲಾಗದು’ ಎಂಬಲ್ಲಿಗೆ ಓಡಿಬಿಟ್ಟಿದ್ದೀರಿ. ಇಂಥ ಕಥೆ ಕೈಗೆ ಸಿಕ್ಕಿಯೂ ಯಾಕೆ ಓಡಿದಿರಿ?

ಮೊದಲು ಕತ್ತರಿಸಬೇಕಾದ್ದನ್ನು ಹೇಳುತ್ತೇನೆ. ಲೇಖನ ‘ಮಾತೃದೇವೋ ಭವ’ ಎಂದು ಶುರುವಾಗುತ್ತದೆ, ಎರಡನೇ ವಾಕ್ಯಕ್ಕೆ ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಬರುತ್ತದೆ. ಎರಡೂ ಒಳ್ಳೆಯ ಮಾತೇ. ಆದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ಡೆಸ್ಕಿಗೆ ಬರುವ ಹೆಚ್ಚಿನ ಲೇಖನಗಳು ಇದೇ ಎರಡು ಮಾತು ಹೊತ್ತು ಬರುತ್ತವೆ. ಓದುಗರಿಗೆ ಗೊತ್ತಿರುವುದನ್ನೇ ಮೊದಲ ಸಾಲಿನಲ್ಲಿ ಕೊಟ್ಟರೆ ಎರಡನೇ ಸಾಲಿಗೆ ಅವರು ಬರುವುದಿಲ್ಲ.

ಆಮೇಲೆ ಮೂರು ಪ್ಯಾರಾ ಗ್ರೀಸ್ ಮತ್ತು ರೋಮ್. ಗ್ರೀಕರು ದೇವತೆಗಳ ತಾಯಿ ರಿಯಾಳನ್ನು ಪೂಜಿಸುತ್ತಿದ್ದರು, ರೋಮನ್ನರು ಸಿಬೆಲೆ ಎಂಬ ಮಾತೃದೇವತೆಗೆ ಉತ್ಸವ ಮಾಡುತ್ತಿದ್ದರು, ‘ಅದೇ ಮುಂದೆ ತಾಯಂದಿರ ದಿನವಾಗಿ ರೂಪುಗೊಂಡಿತು’ ಎಂದಿದ್ದೀರಿ. ರೂಪುಗೊಂಡಿದ್ದು ಎಲ್ಲಿ, ಯಾರ ಕೈಯಲ್ಲಿ? ಸಿಬೆಲೆಯನ್ನು ರೋಮನ್ನರು ಕ್ರಿ.ಪೂ. 204ರಲ್ಲಿ, ಕಾರ್ತೇಜಿನ ಸೇನಾನಿ ಹ್ಯಾನಿಬಲ್ ವಿರುದ್ಧದ ಯುದ್ಧದ ಸಂಕಟದಲ್ಲಿ ತಮ್ಮ ಊರಿಗೆ ತಂದುಕೊಂಡರು. ಮೆರವಣಿಗೆ, ಆಟೋಟ, ಪೂಜಾರಿಗಳು ಎಲ್ಲ ಇತ್ತು. ಹೆತ್ತವಳ ಮನೆಗೆ ಹೋಗಿ ಕುಶಲ ಕೇಳುವ ದಿನ ಅದಾಗಿರಲಿಲ್ಲ. ಈ ತರ್ಕ ಹಿಡಿದರೆ ನಮ್ಮ ಶಿರಸಿಯ ಮಾರಿಕಾಂಬೆ ಜಾತ್ರೆಯೂ ತಾಯಂದಿರ ದಿನವೇ ಆಗಬೇಕು. ಒಂದರಂತೆ ಕಾಣುವ ಇನ್ನೊಂದು ಹಿಂದೆ ಎಲ್ಲೋ ಇತ್ತು ಎಂದಮಾತ್ರಕ್ಕೆ ಅದು ಇದರ ಬೇರಾಗುವುದಿಲ್ಲ. ಮೂರೂ ಪ್ಯಾರಾ ಹೋಗಲಿ.

ಇಂಗ್ಲೆಂಡಿನ ‘ಮದರಿಂಗ್ ಸಂಡೆ’ ಬಗ್ಗೆ ಬರೆದಿದ್ದು ಪೂರ್ತಿ ತಪ್ಪಲ್ಲ, ಆದರೆ ಹಿಂದುಮುಂದಾಗಿದೆ. ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ ನಾಲ್ಕನೇ ಭಾನುವಾರ ಬರುವ ಹಬ್ಬ ಅದು. ಜನ ತಮ್ಮ ಮಾತೃ ಚರ್ಚಿಗೆ ಹೋಗುವುದು, ಮನೆಗೆಲಸಕ್ಕೆ ಇದ್ದ ಹುಡುಗಿಯರು ರಜೆ ಪಡೆದು ಅಮ್ಮನನ್ನು ನೋಡಿಬರುವುದು ಅದರ ರೂಢಿ. ಅದರಿಂದಲೇ ಅಮೆರಿಕದ ದಿನ ಹುಟ್ಟಿತು ಎಂದು ನೀವು ಹೇಳಿದ್ದೀರಿ. ನಡೆದದ್ದು ಬಹುಪಾಲು ಉಲ್ಟಾ. ಇಪ್ಪತ್ತನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆ ರೂಢಿ ಸೊರಗಿಹೋಗಿತ್ತು. ಅಮೆರಿಕದಲ್ಲಿ ಆನಾ ಜಾರ್ವಿಸ್ ನಡೆಸುತ್ತಿದ್ದ ಪ್ರಯತ್ನದ ಸುದ್ದಿಯನ್ನು 1913ರಲ್ಲಿ ಓದಿದ ಕಾನ್‌ಸ್ಟನ್ಸ್ ಪೆನ್ಸ್‌ವಿಕ್ ಸ್ಮಿತ್ ಎಂಬಾಕೆ, ನಮ್ಮದೇ ಹಳೆಯ ಹಬ್ಬ ಇದೆಯಲ್ಲ ಎಂದು ಅದನ್ನು ಎಬ್ಬಿಸಲು ಹೊರಟರು. ಇದಕ್ಕೆ ಒಂದು ಸಾಲು ಸಾಕು.

ಇನ್ನು ನಿಮ್ಮ ನಿಜವಾದ ಲೇಖನಕ್ಕೆ ಬರೋಣ. ಅದು ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಮತ್ತು ಅದರ ಆಸುಪಾಸಿನ ಊರುಗಳಲ್ಲಿದೆ.

ಎಂಟನೇ ಪ್ಯಾರಾದಲ್ಲಿ ಮಗಳು ಮಾತ್ರ ಇದ್ದಾಳೆ, ಅವಳ ತಾಯಿ ಇಲ್ಲವೇ ಇಲ್ಲ. ತಾಯಂದಿರ ದಿನದ ಲೇಖನದಲ್ಲಿ ಆ ತಾಯಿಯೇ ಬಿಟ್ಟುಹೋಗುವುದೆಂದರೆ! ಆಕೆ ಆನ್ ರೀವ್ಸ್ ಜಾರ್ವಿಸ್, 1832ರಲ್ಲಿ ಹುಟ್ಟಿದವರು. ಹತ್ತಕ್ಕೂ ಹೆಚ್ಚು ಮಕ್ಕಳನ್ನು ಹೆತ್ತರು, ದೊಡ್ಡವರಾಗಿ ಉಳಿದವರು ನಾಲ್ವರು. ದಡಾರ, ಟೈಫಾಯ್ಡ್, ಡಿಫ್ತೀರಿಯಾ ಮನೆಮನೆಯಿಂದ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದ ಕಾಲ. 1858ರಲ್ಲಿ ಈಕೆ ಸುತ್ತಲಿನ ಐದು ಊರುಗಳಲ್ಲಿ ತಾಯಂದಿರ ಸಂಘ ಕಟ್ಟಿದರು. ಸಂಘದ ಹೆಂಗಸರು ಔಷಧಿಗೆಂದು ಚಂದಾ ಎತ್ತಿದರು. ಮಾರಾಟಕ್ಕೆ ಬರುವ ಹಾಲನ್ನು ಪರೀಕ್ಷಿಸಿದರು, ಮನೆಗಳಿಗೆ ಹೋಗಿ ನೈರ್ಮಲ್ಯದ ಮಾತಾಡಿದರು. ತಾಯಿ ಕ್ಷಯದಿಂದ ಹಾಸಿಗೆ ಹಿಡಿದಿದ್ದ ಮನೆಗಳಿಗೆ ಕೆಲಸದವರನ್ನು ಗೊತ್ತುಮಾಡಿ ಸಂಬಳ ಕೊಟ್ಟರು. ಅವರ ಅಣ್ಣ ಜೇಮ್ಸ್ ರೀವ್ಸ್ ಟೈಫಾಯ್ಡ್ ಪಿಡುಗಿನ ವಿರುದ್ಧ ದುಡಿದ ವೈದ್ಯರು. ಸಂಘದವರಿಗೆ ಅವರ ಸಲಹೆಯೂ ಇತ್ತು.

ಅಷ್ಟರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. ವರ್ಜೀನಿಯಾ ಪ್ರಾಂತ್ಯವೇ ಎರಡು ಪಾಲಾಗಿ, 1863ರಲ್ಲಿ ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾಯಿತು. ಒಂದೇ ಬೀದಿಯಲ್ಲಿ ಎರಡು ಸೈನ್ಯದವರ ಮನೆಗಳು. ಸಂಘದ ಹೆಂಗಸರು ಎರಡೂ ಕಡೆಯ ಸೈನಿಕರಿಗೆ ಶುಶ್ರೂಷೆ ಮಾಡಿದರು. ಯುದ್ಧ ಮುಗಿದ ಮೇಲೂ ಊರಿನ ದ್ವೇಷ ಮುಗಿದಿರಲಿಲ್ಲ. 1868ರಲ್ಲಿ ಗ್ರಾಫ್ಟನ್ ಬಳಿಯ ಪ್ರಂಟಿಟೌನಿನ ನ್ಯಾಯಾಲಯದ ಅಂಗಳಕ್ಕೆ ಆನ್ ರೀವ್ಸ್ ಎರಡೂ ಕಡೆಯ ಮಾಜಿ ಸೈನಿಕರನ್ನೂ ಅವರ ಮನೆಯವರನ್ನೂ ಕರೆಸಿದರು. ಗಲಾಟೆಯಾದೀತೆಂಬ ಭಯ ಇದ್ದೇ ಇತ್ತು. ಆಗಲಿಲ್ಲ. ‘ತಾಯಂದಿರ ಸ್ನೇಹ ದಿನ’ ಎಂದು ಅದಕ್ಕೆ ಹೆಸರು.

ನಿಮ್ಮ ಲೇಖನದ ಅರ್ಧ ಭಾಗ ಇಲ್ಲೇ ನಿಲ್ಲಬೇಕು. ಹಾಲು, ಔಷಧಿಯ ಚಂದಾ, ಕ್ಷಯದ ಮನೆ, ನ್ಯಾಯಾಲಯದ ಅಂಗಳ: ಇವನ್ನು ವಿವರವಾಗಿ ಬರೆಯಿರಿ. ‘ತ್ಯಾಗಮಯಿ’ ಎಂಬ ಪದವನ್ನು ನೀವು ಒಂಬತ್ತು ಸಲ ಬಳಸಿದ್ದೀರಿ. ಒಂಬತ್ತನ್ನೂ ತೆಗೆಯಿರಿ, ಆ ಕೆಲಸವನ್ನು ಈ ವಿವರಗಳು ಮಾಡುತ್ತವೆ.

ಅಮೆರಿಕದ ಕವಯಿತ್ರಿ ಜೂಲಿಯಾ ವಾರ್ಡ್ ಹೋ ಅವರನ್ನು ನೀವು ‘ತಾಯಂದಿರ ದಿನದ ಜನನಿ’ ಎಂದಿದ್ದೀರಿ. ಬೇಡ. 1870ರಲ್ಲಿ ಅವರು ಯುದ್ಧದ ವಿರುದ್ಧ ಲೋಕದ ಹೆಂಗಸರಿಗೆಲ್ಲ ಒಂದು ಕರೆ ಕೊಟ್ಟರು, ಜೂನ್ 2ರಂದು ಶಾಂತಿಗಾಗಿ ತಾಯಂದಿರ ದಿನ ಆಚರಿಸಲು ಯತ್ನಿಸಿದರು. ಕೆಲವು ವರ್ಷ ಕೆಲವೆಡೆ ನಡೆದು ಅದು ನಿಂತಿತು. ದೊಡ್ಡ ಆಸೆಯೇ, ಆದರೆ ನಿಮ್ಮ ಕಥೆಗೆ ಅದು ಪಕ್ಕದ ದಾರಿ.

ಈಗ ಮಗಳು. ಆನಾ ಜಾರ್ವಿಸ್ ಹುಟ್ಟಿದ್ದು 1864ರಲ್ಲಿ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಇದನ್ನು ನೀವು ‘ವಿಪರ್ಯಾಸವೆಂದರೆ’ ಎಂದು ಶುರುಮಾಡಿ ಹೇಳಿದ್ದೀರಿ. ಅದರಲ್ಲಿ ವಿಪರ್ಯಾಸ ಏನಿದೆ? ಆಕೆ ಕೇಳಿದ್ದು ತನಗಾಗಿ ಒಂದು ದಿನವನ್ನಲ್ಲ. ಫಿಲಡೆಲ್ಫಿಯಾದಲ್ಲಿ ಒಂದು ಜೀವವಿಮಾ ಕಂಪನಿಯ ಜಾಹೀರಾತು ವಿಭಾಗದಲ್ಲಿ ದುಡಿದವಳು ಎಂಬುದನ್ನು ಮಾತ್ರ ಖಂಡಿತ ಸೇರಿಸಿ, ಮುಂದಿನ ಕಥೆಗೆ ಅದು ಬೇಕು. 1905ರ ಮೇ 9ರಂದು ತಾಯಿ ತೀರಿಕೊಂಡರು. ಮಗಳು ಪತ್ರ ಬರೆಯಲು ಕುಳಿತಳು. ಶಾಸಕರಿಗೆ, ರಾಜ್ಯಪಾಲರಿಗೆ, ಪಾದ್ರಿಗಳಿಗೆ, ಪತ್ರಿಕೆಗಳಿಗೆ, ಉದ್ಯಮಿಗಳಿಗೆ ಎಡೆಬಿಡದೆ ಬರೆದಳು. ಫಿಲಡೆಲ್ಫಿಯಾದ ದೊಡ್ಡ ಮಳಿಗೆಯ ಒಡೆಯ ಜಾನ್ ವಾನಮೇಕರ್ ಬೆನ್ನಿಗೆ ನಿಂತರು.

1908ರ ಮೇ 10, ಭಾನುವಾರ, ಗ್ರಾಫ್ಟನ್ನಿನ ಆಂಡ್ರ್ಯೂಸ್ ಮೆಥಡಿಸ್ಟ್ ಚರ್ಚಿನಲ್ಲಿ ಮೊದಲ ಅಧಿಕೃತ ಆಚರಣೆ ನಡೆಯಿತು. ಆನಾ ಅಲ್ಲಿರಲಿಲ್ಲ. ಅಮ್ಮನಿಗೆ ಇಷ್ಟವಾಗಿದ್ದ ಬಿಳಿ ಕಾರ್ನೇಷನ್ ಹೂ 500 ಕಳಿಸಿಕೊಟ್ಟು, ತಾನು ಫಿಲಡೆಲ್ಫಿಯಾದಲ್ಲಿ ವಾನಮೇಕರ್ ಮಳಿಗೆಯ ಸಭಾಂಗಣದಲ್ಲಿ ಭಾಷಣ ಮಾಡಿದಳು. ಒಂದು ಕಡೆ ಚರ್ಚು, ಇನ್ನೊಂದು ಕಡೆ ಬಟ್ಟೆಬರೆ ಮಾರುವ ಮಳಿಗೆ. ಮುಂದೆ ಆಕೆ ಯಾರ ಮೇಲೆ ಸಿಟ್ಟಾದಳೋ ಅವರು ಮೊದಲ ದಿನವೇ ಅಲ್ಲಿದ್ದರು. ಲೇಖನಕ್ಕೆ ಒಂದು ಆರಂಭ ಹುಡುಕುತ್ತಿದ್ದರೆ ಇದನ್ನು ನೋಡಿ.

ಅದೇ ವರ್ಷ ಅಮೆರಿಕದ ಸೆನೆಟ್ ಮುಂದೆ ಬಂದ ನಿರ್ಣಯವನ್ನು ಸದಸ್ಯರು ತಮಾಷೆ ಮಾಡಿ ಬದಿಗೆ ಸರಿಸಿದರು. ಆನಾ ಬಿಡಲಿಲ್ಲ. 1910ರಲ್ಲಿ ವೆಸ್ಟ್ ವರ್ಜೀನಿಯಾ ಒಪ್ಪಿತು, ಇತರ ರಾಜ್ಯಗಳೂ ಒಂದೊಂದಾಗಿ ಒಪ್ಪಿದವು. 1914ರ ಮೇ 9ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಮೇ ತಿಂಗಳ ಎರಡನೇ ಭಾನುವಾರವನ್ನು ತಾಯಂದಿರ ದಿನವೆಂದು ಘೋಷಿಸಿದರು. ಆನ್ ರೀವ್ಸ್ ತೀರಿ ಅಂದಿಗೆ ಸರಿಯಾಗಿ ಒಂಬತ್ತು ವರ್ಷ. ನೀವು ‘1911ರಲ್ಲಿ ವಿಶ್ವಸಂಸ್ಥೆ ಘೋಷಿಸಿತು’ ಎಂದು ಬರೆದಿದ್ದೀರಿ. ವಿಶ್ವಸಂಸ್ಥೆ ಹುಟ್ಟಿದ್ದೇ 1945ರಲ್ಲಿ. ವಾಟ್ಸಾಪಿನಲ್ಲಿ ಬಂದದ್ದನ್ನು ಹಾಗೆಯೇ ಅಂಟಿಸಿದರೆ ಹೀಗಾಗುತ್ತದೆ. ಒಂದು ಇಸವಿ ತಪ್ಪಿದರೆ ಡೆಸ್ಕಿನಲ್ಲಿ ಕುಳಿತವರಿಗೆ ಉಳಿದ ಎಲ್ಲದರ ಮೇಲೂ ಅನುಮಾನ ಬರುತ್ತದೆ.

ಜಗಳ ಶುರುವಾದದ್ದು ಗೆದ್ದ ಮೇಲೆ. ಹೂವಿನವರು ಮೇ ತಿಂಗಳಲ್ಲಿ ಕಾರ್ನೇಷನ್ ಬೆಲೆ ಏರಿಸಿದರು. ತಾಯಿ ಬದುಕಿದ್ದರೆ ಕೆಂಪು ಹೂ, ಇಲ್ಲದಿದ್ದರೆ ಬಿಳಿ ಎಂಬ ಪದ್ಧತಿಯನ್ನೂ ಹಬ್ಬಿಸಿದರು. ವ್ಯಾಪಾರದ ಕಣ್ಣಲ್ಲಿ ಅದು ಜಾಣತನ, ಯಾರೂ ಖರೀದಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಾರ್ಡಿನವರು, ಮಿಠಾಯಿಯವರು ಹಿಂದೆಯೇ ಬಂದರು. ಅಚ್ಚುಹಾಕಿದ ಕಾರ್ಡು ಕಳಿಸುವವರನ್ನು ಆನಾ, ಅಮ್ಮನಿಗೆ ಒಂದು ಪತ್ರ ಬರೆಯಲೂ ಬಾರದ ಸೋಮಾರಿಗಳು ಎಂದು ಬೈದಳು. 1923ರಲ್ಲಿ ಫಿಲಡೆಲ್ಫಿಯಾದ ಮಿಠಾಯಿ ವ್ಯಾಪಾರಿಗಳ ಸಮಾವೇಶಕ್ಕೆ ನುಗ್ಗಿ ಪ್ರತಿಭಟಿಸಿದಳು. 1925ರಲ್ಲಿ ಯುದ್ಧಕ್ಕೆ ಮಕ್ಕಳನ್ನು ಕಳಿಸಿದ್ದ ತಾಯಂದಿರ ಸಂಘಟನೆಯ ಸಮಾವೇಶದಲ್ಲಿ ಕಾರ್ನೇಷನ್ ಮಾರುತ್ತಿದ್ದುದನ್ನು ವಿರೋಧಿಸಲು ಹೋಗಿ, ಶಾಂತಿಭಂಗದ ಆರೋಪದ ಮೇಲೆ ಪೊಲೀಸರ ವಶವಾದಳು.

ಇಲ್ಲಿಯವರೆಗೆ ನಮಗೆಲ್ಲ ಆನಾ ಇಷ್ಟವಾಗುತ್ತಾಳೆ. ನೀವು ಇಲ್ಲಿಗೇ ನಿಲ್ಲಿಸಿ ಆಕೆಯನ್ನು ‘ಬಂಡವಾಳಶಾಹಿಯ ವಿರುದ್ಧದ ವೀರವನಿತೆ’ ಮಾಡಿದ್ದೀರಿ. ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಹೆರಿಗೆಯಲ್ಲಿ ಸಾಯುವ ತಾಯಂದಿರನ್ನೂ ಶಿಶುಗಳನ್ನೂ ಉಳಿಸಲು ದುಡಿಯುತ್ತಿದ್ದ ದತ್ತಿ ಸಂಸ್ಥೆಗಳು ತಾಯಂದಿರ ದಿನದ ಹೆಸರಲ್ಲಿ ಹಣ ಸಂಗ್ರಹಿಸಿದಾಗ ಆನಾ ಅವರ ಮೇಲೂ ಬಿದ್ದಳು. ಆ ಕೆಲಸಕ್ಕೆ ಕೈಜೋಡಿಸಿದ, ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲೀನರ್ ರೂಸ್‌ವೆಲ್ಟ್ ಅವರನ್ನೂ ಬಿಡಲಿಲ್ಲ. ಆನ್ ರೀವ್ಸ್ 1858ರಲ್ಲಿ ಮಾಡಿದ್ದು ಇದೇ ಕೆಲಸವಲ್ಲವೇ? ತಾಯಿ ಮಾಡಿದ ಕೆಲಸವನ್ನೇ ಮಗಳು ತಾಯಿಯ ಹೆಸರಲ್ಲಿ ತಡೆಯಲು ನಿಂತಳು.

ನನ್ನ ಓದು ಹೀಗಿದೆ, ಒಪ್ಪಲೇಬೇಕೆಂದಿಲ್ಲ. ಆನ್ ರೀವ್ಸ್ ಊರಿನ ಎಲ್ಲ ಮನೆಗಳ ತಾಯಂದಿರನ್ನು ಕುರಿತು ಯೋಚಿಸಿದವರು. ಮಗಳು ಅದನ್ನು ಅವರವರ ಮನೆಯ ಅವರವರ ಅಮ್ಮನ ನೆನಪಾಗಿ ಮಾಡಿದಳು. ಪೇಟೆಯವರಿಗೆ ಬಾಗಿಲು ತೆರೆದದ್ದು ಅಲ್ಲೇ. ಒಬ್ಬೊಬ್ಬರ ಮಮತೆಗೂ ಒಂದೊಂದು ಕಾರ್ಡು ಮಾರಬಹುದು, ಹಾಲಿನ ಪರೀಕ್ಷೆಗೆ ಯಾವ ಕಾರ್ಡು ಮಾರುತ್ತೀರಿ? ಜಾಹೀರಾತು ವಿಭಾಗದಲ್ಲಿ ದುಡಿದಿದ್ದ ಆನಾಗೆ ಜನರ ಮನಸ್ಸಿಗೆ ನಾಟುವ ಒಂದು ಹೂ, ಒಂದು ಭಾನುವಾರ, ಒಂದು ಸಣ್ಣ ಹೆಸರು ಆರಿಸುವುದು ಗೊತ್ತಿತ್ತು. ಅಷ್ಟು ಚೆನ್ನಾಗಿ ಆರಿಸಿದ್ದರಿಂದಲೇ ಅದು ಆಕೆಯ ಕೈತಪ್ಪಿತು. ಇದನ್ನು ನೀವು ಬೇರೆ ರೀತಿ ವಾದಿಸಬಹುದು, ಆದರೆ ವಾದ ಎಂಬುದೊಂದು ಲೇಖನದಲ್ಲಿ ಇರಬೇಕು. ಸದ್ಯ ಇಲ್ಲ.

ಆನಾ 1948ರಲ್ಲಿ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರಿನ ಆರೋಗ್ಯಧಾಮವೊಂದರಲ್ಲಿ ತೀರಿಕೊಂಡಳು. ಅಲ್ಲಿನ ಖರ್ಚಿನಲ್ಲಿ ಒಂದು ಪಾಲು ಹೂವಿನ ಉದ್ಯಮದವರೇ ಕೊಟ್ಟರೆಂದು ಹೇಳುತ್ತಾರೆ. ಲೇಖನವನ್ನು ಇಲ್ಲಿ ಮುಗಿಸುವ ಆಸೆ ನಿಮಗಾಗುತ್ತದೆ, ಈ ವಿಷಯ ಬರೆದವರಿಗೆಲ್ಲ ಆಗಿದೆ. ಮುಗಿಸಬೇಡಿ. ನಡುವೆ ಎಲ್ಲಾದರೂ ಒಂದು ವಾಕ್ಯದಲ್ಲಿ ಹೇಳಿ ದಾಟಿಬಿಡಿ.

ನಿಮ್ಮ ಕೊನೆಯ ಭಾಗ, ‘ನಮ್ಮಲ್ಲಿ ಪ್ರತಿದಿನವೂ ತಾಯಂದಿರ ದಿನ, ಪಾಶ್ಚಾತ್ಯರು ವರ್ಷಕ್ಕೊಮ್ಮೆ ನೆನೆಯುತ್ತಾರೆ’ ಎಂಬುದು. ಪ್ರತಿದಿನ ಎಂದರೆ ಏನು ಮಾಡುತ್ತೇವೆ ಎಂದು ನೀವು ಹೇಳಿಲ್ಲ. ಹೇಳಲು ಹೊರಟಿದ್ದರೆ ಕಷ್ಟವಾಗುತ್ತಿತ್ತು. ಕರ್ನಾಟಕವನ್ನು ತರಲೇಬೇಕೆಂದಿದ್ದರೆ ಬೇರೆ ದಾರಿಯಿದೆ. 2003ರಿಂದ ನಮ್ಮ ದೇಶದಲ್ಲಿ ಏಪ್ರಿಲ್ 11, ಕಸ್ತೂರಬಾ ಅವರ ಹುಟ್ಟಿದ ದಿನ, ರಾಷ್ಟ್ರೀಯ ಸುರಕ್ಷಿತ ತಾಯ್ತನ ದಿನ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆ ಒಂದು ಬೆಳಿಗ್ಗೆ ಸುತ್ತಿ ನೋಡಿ. ಬಸುರಿಯರ ತಾಯಿ ಕಾರ್ಡು ತುಂಬಿಸುವುದು, ರಕ್ತಹೀನತೆಯ ಮಾತ್ರೆ ನುಂಗಿದರೋ ಇಲ್ಲವೋ ಕೇಳುವುದು, ಹೆರಿಗೆಗೆ ಆಸ್ಪತ್ರೆಗೆ ಹೋಗಲು ಅತ್ತೆಯನ್ನು ಒಪ್ಪಿಸುವುದು. ಆನ್ ರೀವ್ಸ್ ಸಂಘದವರ ಕೆಲಸಕ್ಕೆ ಇದು ನೇರ ಸಂಬಂಧಿ. ನೋಡಿಬಂದದ್ದನ್ನು ಒಂದು ಪ್ಯಾರಾದಲ್ಲಿ ಬರೆಯಿರಿ, ಹೋಲಿಕೆಯನ್ನು ಬಾಯಿಬಿಟ್ಟು ಹೇಳಬೇಡಿ.

ಭಾಷೆಯ ಬಗ್ಗೆ ಸ್ವಲ್ಪ. ‘ಆಚರಿಸಲ್ಪಡುತ್ತದೆ’, ‘ಪರಿಗಣಿಸಲ್ಪಟ್ಟಿದೆ’ ಬೇಡ. ಯಾರು ಆಚರಿಸುತ್ತಾರೆ ಅವರನ್ನು ವಾಕ್ಯದೊಳಗೆ ಕರೆತನ್ನಿ. ಆಶ್ಚರ್ಯಸೂಚಕ ಚಿಹ್ನೆ ಇಡೀ ಲೇಖನಕ್ಕೆ ಒಂದು ಸಾಕು. ಆದರೆ ಆನಾ ಬಗ್ಗೆ ಬರೆದ ಆ ನಾಲ್ಕು ಸಾಲಿನಲ್ಲಿ ನಿಮ್ಮ ವಾಕ್ಯಗಳು ತಾವಾಗಿ ಚಿಕ್ಕದಾಗಿವೆ, ವಿಶೇಷಣ ಉದುರಿವೆ. ವಿಷಯ ಹಿಡಿದಾಗ ನಿಮಗೆ ಬರೆಯಲು ಬರುತ್ತದೆ.

ತಿದ್ದಿದ ಲೇಖನ ಏಪ್ರಿಲ್ ಮೂರನೇ ವಾರದೊಳಗೆ ಬಂದರೆ ಮೇ ಎರಡನೇ ಭಾನುವಾರದ ಪುಟಕ್ಕೆ ನೋಡುತ್ತೇನೆ. 900 ಪದ ಮೀರದಿರಲಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಜೊತೆಗಿಟ್ಟಿದ್ದ ಗುಲಾಬಿ ಹೂವಿನ ಚಿತ್ರ ಬೇಡ.

ಇಂತಿ,
ಪುರವಣಿ ಸಂಪಾದಕ