ಅಮ್ಮನ ಕಾರ್ಡು, ಅಜ್ಜಿಯ ಚೆನ್ನೆಮಣೆ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಒಂದು ಕೋಣೆ ಮತ್ತು ಅಡುಗೆಮನೆಯ ಪುಟ್ಟ ಮನೆಯಲ್ಲಿದ್ದೇವೆ. ಐದು ವರ್ಷದ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಅವಳಿಗಾಗಿ ಕೆಲಸ ಬಿಟ್ಟು, ಥೆರಪಿಸ್ಟ್ ಹೇಳಿದಂತೆ ದಿನವೂ ಸಂಜೆ ಒಂದು ಗಂಟೆ ಬಣ್ಣ, ಪ್ರಾಣಿ, ಅಂಕಿಗಳ ಕಾರ್ಡು ಹಿಡಿದು ಕೂರಿಸುತ್ತೇನೆ. ಅವಳು ನಗುತ್ತಾಳೆ, ಕಾರ್ಡು ಎಸೆಯುತ್ತಾಳೆ, ಕೊನೆಗೆ ನೆಲದ ಮೇಲೆ ಮಲಗಿಬಿಡುತ್ತಾಳೆ. ನಾನು ಗದರುತ್ತೇನೆ, ಇಬ್ಬರೂ ಅಳುತ್ತೇವೆ. ‘ಮಗುವನ್ನು ಗೋಳುಹೊಯ್ದುಕೊಳ್ಳಬೇಡ, ಆಡಲು ಬಿಡು’ ಎಂದು ಅತ್ತೆ ಅವಳನ್ನು ಚೆನ್ನೆಮಣೆಯ (ಅಳಿಗುಳಿ ಮಣೆಯ) ಮುಂದೆ ಕೂರಿಸಿಕೊಳ್ಳುತ್ತಾರೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಎನ್ನುವವರೂ ಇದ್ದಾರೆ. ಪತಿ ಹೋಟೆಲಿನಿಂದ ಬರುವಾಗ ರಾತ್ರಿ ಹನ್ನೊಂದು. ಆಡಲು ಬಿಟ್ಟರೆ ಕಲಿಯುವ ವಯಸ್ಸು ಕಳೆದುಹೋಗುವುದೆಂಬ ಭಯ ನನಗೆ. ಏನು ಮಾಡಲಿ?

ಉತ್ತರ: ಸಹೋದರಿ, ಈ ವಾದದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಅವರು ಕನಿಕರದಿಂದ ಮೊಮ್ಮಗಳನ್ನು ಆಟಕ್ಕೆ ಕರೆಯುತ್ತಾರೆ. ಆ ಆಟದೊಳಗೆ ನಿಮ್ಮ ಕಾರ್ಡುಗಳಲ್ಲಿ ಇರುವುದಕ್ಕಿಂತ ಹೆಚ್ಚಿನ ಪಾಠವಿದೆ ಎಂಬುದು ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ. ಸಂಜೆಯ ಆ ಒಂದು ಗಂಟೆಯನ್ನು ಸದ್ಯಕ್ಕೆ ನಿಲ್ಲಿಸಿ.

ಮಗಳ ಕಿವಿ ಮತ್ತು ಕಣ್ಣಿನ ಪರೀಕ್ಷೆ ಯಾವಾಗ ಆಯಿತೆಂದು ನೀವು ಬರೆದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮಧ್ಯ ಕಿವಿಯೊಳಗೆ ದ್ರವ ತುಂಬಿಕೊಳ್ಳುವುದು ಬಹಳ ಸಾಮಾನ್ಯ. ನೆಗಡಿಯಿದ್ದಾಗ ಕೇಳಿಸದ ಮಾತು ಅದು ವಾಸಿಯಾದ ಮೇಲೆ ಕೇಳಿಸಬಹುದು, ಮನೆಯವರಿಗೆ ಮಾತ್ರ ಅದು ಬೇಕೆಂದೇ ಕಿವಿಗೆ ಹಾಕಿಕೊಳ್ಳದ ಹಟದಂತೆ ಕಾಣುತ್ತದೆ. ದೃಷ್ಟಿದೋಷವೂ ಥೈರಾಯ್ಡ್ ಕೊರತೆಯೂ ಈ ಮಕ್ಕಳಲ್ಲಿ ಹೆಚ್ಚು, ಥೈರಾಯ್ಡ್ ಕಡಿಮೆಯಾದ ಮಗು ಮಂಕಾಗಿ ಮಲಗಿದರೆ ಅದನ್ನು ಸೋಮಾರಿತನವೆಂದು ತಿಳಿಯುವುದು ಸುಲಭ. ಈ ಮೂರು ಪರೀಕ್ಷೆಗಳೂ ನಿಯಮಿತವಾಗಿ ಆಗಬೇಕು. ಕಿವಿಯ ಮಟ್ಟಿಗೆ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ದಾದರಿನಲ್ಲಿ ಗಾಡಿ ಬದಲಿಸುವ ತ್ರಾಸ ಇದ್ದರೂ ಒಮ್ಮೆ ಹೋಗಿ ಬನ್ನಿ.

ಅವಳ ನಗುವನ್ನೂ ಕಾರ್ಡು ಎಸೆಯುವುದನ್ನೂ ನೀವು ಮೊಂಡುತನವೆಂದು ಎಣಿಸಿದ್ದೀರಿ. ಎದುರಿಗಿರುವವರ ಮನಸ್ಸನ್ನು ಸೆಳೆಯುವುದರಲ್ಲಿ ಈ ಮಕ್ಕಳು ಬಹಳ ಚುರುಕು, ಉತ್ತರ ಬಾರದ ಪ್ರಶ್ನೆ ಎದುರಾದಾಗ ನಗಿಸಿ ಜಾರಿಕೊಳ್ಳುವ ಉಪಾಯವನ್ನೂ ಅಷ್ಟೇ ಬೇಗ ಕಂಡುಕೊಳ್ಳುತ್ತಾರೆ. ‘ಇದೇನು? ಇದೇನು?’ ಎಂದು ಗಂಟೆಯುದ್ದಕ್ಕೂ ಕೇಳಿದರೆ ಅದು ದಿನವೂ ನಡೆಯುವ ಪರೀಕ್ಷೆಯಾಗುತ್ತದೆ, ಅದರಲ್ಲಿ ದಿನವೂ ನಪಾಸಾಗಲು ಯಾವ ಮಗುವೂ ಒಪ್ಪುವುದಿಲ್ಲ. ಕಿವಿಯಿಂದ ಕೇಳಿದ್ದನ್ನು ಕ್ಷಣಕಾಲ ನೆನಪಿನಲ್ಲಿ ಹಿಡಿದಿಡುವುದು ಸಾಮಾನ್ಯವಾಗಿ ಇವರಿಗೆ ಕಷ್ಟ, ಕಣ್ಣಿನಿಂದ ಕಂಡದ್ದನ್ನು ಹಿಡಿದಿಡುವುದು ಅದಕ್ಕಿಂತ ಸುಲಭ. ಆಡುವುದಕ್ಕಿಂತ ಹೆಚ್ಚಿನ ಮಾತು ಅವರಿಗೆ ಅರ್ಥವಾಗುತ್ತಿರುತ್ತದೆ. ಆದ್ದರಿಂದ ವಸ್ತುವನ್ನು ತೋರಿಸುತ್ತಾ ಚಿಕ್ಕ ವಾಕ್ಯದಲ್ಲಿ ಹೇಳಿ, ಹೇಳಿದ ಮೇಲೆ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ ಕಾಯಿರಿ. ತಡೆಯಲಾರದೆ ಅದನ್ನೇ ಬೇರೆ ಪದಗಳಲ್ಲಿ ಹೇಳಿದಿರೋ, ಅವಳು ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.

ಈಗ ಚೆನ್ನೆಮಣೆಯ ವಿಷಯ. ನಮ್ಮ ಕರಾವಳಿಯ ಮಣೆಯಲ್ಲಿ 14 ಗುಳಿಗಳು, ಗುಳಿಗೆ 4ರಂತೆ 56 ಕಾಯಿಗಳು, ಅಂದರೆ ಬೀಜಗಳು. ಪೂರ್ತಿ ಆಟದ ನಿಯಮ ಸದ್ಯಕ್ಕೆ ಬೇಡ, ಗುಳಿಗೊಂದರಂತೆ ಕಾಯಿ ಹಾಕುತ್ತಾ ಸಾಗುವುದಷ್ಟೇ ಸಾಕು. ಒಂದರಿಂದ ಹತ್ತರವರೆಗೆ ಬಾಯಿಪಾಠ ಒಪ್ಪಿಸುವುದು ಒಂದು ಬಗೆ, ಒಂದು ಗುಳಿಗೆ ಒಂದೇ ಕಾಯಿ ಎಂದು ತಿಳಿಯುವುದು ಇನ್ನೊಂದು. ಲೆಕ್ಕದ ಬೇರು ಇರುವುದು ಎರಡನೆಯದರಲ್ಲಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳೂ ಕೀಲುಗಳೂ ಸಡಿಲವಿರುವುದರಿಂದ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಸಣ್ಣ ವಸ್ತುವನ್ನು ಹಿಡಿದು ಬೇಕಾದಲ್ಲಿ ಬಿಡುವ ಅಭ್ಯಾಸ ಮುಂದೆ ಗುಂಡಿ ಹಾಕಲಿಕ್ಕೂ ಪೆನ್ಸಿಲ್ ಹಿಡಿಯಲಿಕ್ಕೂ ಬೇಕಾಗುತ್ತದೆ. ಒಂದು ಗುಳಿ ತಪ್ಪಿಹೋದರೆ ಅದು ಖಾಲಿಯಾಗಿ ಕಣ್ಣೆದುರಿಗೇ ಇರುವುದರಿಂದ ‘ತಪ್ಪು’ ಎಂದು ಯಾರೂ ಹೇಳಬೇಕಾಗಿಲ್ಲ. ಅಜ್ಜಿಯ ಸರದಿ ಮುಗಿಯುವವರೆಗೆ ಕೈ ಕಟ್ಟಿ ಕಾಯುವುದನ್ನು ಕಲಿತ ಮಗು ಸಂಭಾಷಣೆಯ ಅರ್ಧವನ್ನು ಕಲಿತಂತೆಯೇ. ಅತ್ತೆಯವರನ್ನು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಅವಳ ಪಾಲಿನ ಕಾಯಿಯನ್ನು ಪ್ರೀತಿಯಿಂದ ತಾವೇ ಹಾಕಿಬಿಡಬಾರದು, ಪ್ರತಿ ಕಾಯಿಗೂ ‘ಒಂದು’, ‘ಎರಡು’, ‘ಮೂರು’ ಎಂದು ಗಟ್ಟಿಯಾಗಿ ಹೇಳಬೇಕು, ಮೂರು ಗಟ್ಟಿಯಾಗುವವರೆಗೆ ನಾಲ್ಕಕ್ಕೆ ಹೋಗಬಾರದು.

ಎಚ್ಚರಿಕೆಯೊಂದಿದೆ. ಅವಳು ಈಗಲೂ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಬೀಜಗಳ ಸಹವಾಸವೇ ಬೇಡ; ಗುಲಗಂಜಿಯಂತೂ ವಿಷ, ಮನೆಯಲ್ಲಿ ಇದ್ದರೆ ಇವತ್ತೇ ತೆಗೆದುಬಿಡಿ. ನಾಲ್ಕು ವಾಟಿಗಳನ್ನು (ಬಟ್ಟಲುಗಳನ್ನು) ಸಾಲಾಗಿ ಇಟ್ಟು ಡಬ್ಬಿಗಳ ದೊಡ್ಡ ಮುಚ್ಚಳ ಹಾಕಿಸಿದರೂ ಆಟ ಅದೇ. ನೆಲದ ಮೇಲೆ ಕಾಲು ಅಗಲಿಸಿ ಕುಳಿತರೆ ಸಡಿಲ ಮೈಯನ್ನು ನೆಟ್ಟಗೆ ನಿಲ್ಲಿಸುವುದರಲ್ಲಿಯೇ ಅವಳ ಶಕ್ತಿ ಮುಗಿಯುತ್ತದೆ. ಪಾದಗಳು ನೆಲಕ್ಕೆ ಊರುವಂಥ ಕುಳ್ಳ ಸ್ಟೂಲಿನ ಮೇಲೆ, ಬೆನ್ನಿಗೆ ಗೋಡೆಯ ಆಸರೆ ಕೊಟ್ಟು ಕೂರಿಸಿದರೆ ಕೈಗಳು ಆಟಕ್ಕೆ ಸಿಗುತ್ತವೆ; ಕಾರ್ಡಿನ ಪಾಠದಲ್ಲಿ ಅವಳು ಮಲಗಿಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಉಳಿದ ಆಟಗಳನ್ನು ಮನೆಗೆಲಸದಲ್ಲಿಯೇ ಹುಡುಕಿ: ಬುಟ್ಟಿಯಲ್ಲಿ ಬೆರೆತ ಈರುಳ್ಳಿ ಬಟಾಟೆಗಳನ್ನು ಬೇರೆ ಮಾಡುವುದು, ಒಗೆದ ಕಾಲುಚೀಲಗಳ ಜೋಡಿ ಹುಡುಕುವುದು. ಕಾಲುಚೀಲವನ್ನು ಹಿಮ್ಮಡಿ ದಾಟಿಸುವವರೆಗೆ ನೀವು ಹಾಕಿ, ಕೊನೆಯ ಎಳೆತವನ್ನು ಅವಳಿಗೆ ಬಿಡಿ. ಅದು ಬಂದ ಮೇಲೆ ಅದಕ್ಕೂ ಹಿಂದಿನ ಹಂತವನ್ನು ಬಿಟ್ಟುಕೊಡಿ. ಹೀಗೆ ಕೊನೆಯ ಹಂತದಿಂದ ಮೊದಲನೆಯದರ ಕಡೆಗೆ ಕಲಿತರೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಅವಳದಾಗುತ್ತದೆ.

ಕಾರ್ಡುಗಳನ್ನು ಅಟ್ಟಕ್ಕೆ ಹಾಕಬೇಡಿ, ಬದಲಿಸಿ. ಜಿರಾಫೆಗಿಂತ ಅಜ್ಜಿ ಅವಳಿಗೆ ಹತ್ತಿರ. ಅಜ್ಜಿ, ಅಪ್ಪ, ಅಮ್ಮ ಮತ್ತು ಅವಳ ಫೋಟೋಗಳನ್ನು ಅಂಟಿಸಿ, ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ; ಅದೇ ಹೆಸರುಗಳನ್ನು ಬೇರೆ ಚೀಟಿಗಳಲ್ಲಿಯೂ ಬರೆಯಿರಿ. ಮೊದಲು ಚೀಟಿಯನ್ನು ಅದರಂತೆಯೇ ಇರುವ ಹೆಸರಿನ ಮೇಲೆ ಇಡಿಸುವುದು, ಕೆಲವು ವಾರಗಳ ನಂತರ ‘ಅಜ್ಜಿ ಎಲ್ಲಿ, ಕೊಡು’ ಎನ್ನುವುದು, ಬಾಯಲ್ಲಿ ಹೇಳಿಸುವುದು ಎಲ್ಲಕ್ಕಿಂತ ಕೊನೆಗೆ. ವರ್ಣಮಾಲೆ ಮುಗಿಯಲೆಂದು ಕಾಯಬೇಕಾಗಿಲ್ಲ. ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಕಣ್ಣೆದುರಿಗೆ ನಿಲ್ಲುತ್ತದೆ. ಈ ಮಕ್ಕಳಲ್ಲಿ ಎಷ್ಟೋ ಮಂದಿ ಇಡೀ ಪದವನ್ನು ಕಣ್ಣಿನಿಂದ ಗುರುತಿಸುತ್ತಾ ಮಾತಿನಲ್ಲಿಯೂ ಸ್ಪಷ್ಟವಾಗುವುದನ್ನು ಶಿಕ್ಷಕರು ಬಲ್ಲರು. ಐದು ನಿಮಿಷ ಸಾಕು, ಅವಳಿಗೆ ಇನ್ನೂ ಬೇಕೆನಿಸುವಾಗಲೇ ನಿಲ್ಲಿಸಿ.

ಕನ್ನಡ ಬಿಡುವ ಸಲಹೆಯನ್ನು ಬಿಟ್ಟುಬಿಡಿ. ಎರಡು ಭಾಷೆಗಳ ಮನೆಯಲ್ಲಿ ಬೆಳೆದುದರಿಂದ ಈ ಮಕ್ಕಳ ಮಾತು ಹಿಂದೆ ಬಿದ್ದಿತೆಂದು ಅಧ್ಯಯನಗಳು ತೋರಿಸಿಲ್ಲ, ಅಜ್ಜಿಯ ಮಾತಿನ ಬಾಗಿಲು ಮುಚ್ಚಿದರೆ ಆಗುವ ನಷ್ಟ ಮಾತ್ರ ಖಚಿತ. ಮಾತಿನ ಜೊತೆಗೆ ಕೈಸನ್ನೆಯನ್ನೂ ಧಾರಾಳವಾಗಿ ಬಳಸಿ. ಅದರಿಂದ ಮಾತು ನಿಲ್ಲುವುದಿಲ್ಲ.

ಕುಣಿತ, ಚೆಂಡಾಟ ಎಲ್ಲವೂ ಇರಲಿ, ಆದರೆ ಲಾಗ ಹಾಕುವುದು ಮತ್ತು ಮಾಲ್‌ಗಳ ಟ್ರ್ಯಾಂಪೊಲಿನ್ ಮೇಲೆ ಜಿಗಿಯುವುದನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಎಲ್ಲಕ್ಕಿಂತ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುತ್ತದೆ. ಕುತ್ತಿಗೆ ನೋವು ಕಾಣಿಸಿಕೊಂಡರೆ ಅಥವಾ ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ ತಡ ಮಾಡಬಾರದು.

ವಯಸ್ಸು ಕಳೆದುಹೋಗುವ ಭಯದ ಬಗ್ಗೆ ಹೇಳುವುದಾದರೆ, ಐದು ವರ್ಷಕ್ಕೆ ಬಾಗಿಲು ಮುಚ್ಚುವುದಿಲ್ಲ. ಇವರ ಮಾತೂ ಓದೂ ಹದಿಹರೆಯದಲ್ಲಿ, ಅದರ ನಂತರವೂ ಬೆಳೆಯುತ್ತವೆ. ಮುಂದಿನ ವರ್ಷ ಅವಳಿಗೆ ಆರು ತುಂಬುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ನೀವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಅವಳ ಹಕ್ಕು. ಪ್ರಮಾಣಪತ್ರ ಇನ್ನೂ ಆಗಿಲ್ಲದಿದ್ದರೆ ಈಗಲೇ ಮಾಡಿಸಿಕೊಳ್ಳಿ. ಥೆರಪಿಸ್ಟ್‌ಗೂ ಸಂಜೆಯ ಅಳುವಿನ ಸಂಗತಿಯನ್ನು ಮುಚ್ಚಿಡದೆ ಹೇಳಿ, ಅವರ ಪ್ರತಿಯೊಂದು ಗುರಿಗೂ ಮನೆಯ ಯಾವ ಕೆಲಸ ಒದಗುತ್ತದೆಂದು ಕೇಳಿ.

ಇನ್ನು ನಿಮ್ಮ ಪತಿ. ರಾತ್ರಿ ಹನ್ನೊಂದಕ್ಕೆ ಬರುವವರಿಂದ ದಿನವೂ ಏನನ್ನೂ ನಿರೀಕ್ಷಿಸುವಂತಿಲ್ಲ. ವಾರದ ರಜೆಯಲ್ಲಿ ಅವರದೇ ಆದ ಒಂದು ಆಟವಿರಲಿ. ಹೋಟೆಲಿನವರಲ್ಲವೇ, ತಟ್ಟೆ ಜೋಡಿಸಿ ‘ಎರಡು ಇಡ್ಲಿ ಕೊಡು’ ಎಂದು ಗಿರಾಕಿಯಾಗಿ ಕೂರಲಿ, ಮಗಳು ಬಡಿಸಲಿ. ಅವಳು ಮೂರು ಕೊಟ್ಟರೆ ಅವರು ಮೂರನ್ನೂ ತಿನ್ನಲಿ, ನೀವು ಅಡುಗೆಮನೆಯಿಂದ ತಿದ್ದಲು ಹೋಗಬೇಡಿ.