ನಾಯಕಿ ಪಂಚಾಯಿತಿ ಅಧ್ಯಕ್ಷೆ, ನಾಯಕ ಹೈಸ್ಕೂಲ್ ಮೇಷ್ಟ್ರು

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ರಾಜಕೀಯದಲ್ಲಿರುವ ಹೆಣ್ಣಿನ ಪ್ರೇಮಕಥೆ ಬರೆಯುವುದು ಹೇಗೆ ಅಂತ. ಕಾದಂಬರಿ ಬರೆಯೋಕೆ ಮುಂಚೆ ನಾನೂ ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವತ್ತು ಈ ನಾಲ್ಕಕ್ಕೇ ಉತ್ತರ.

ಪ್ರಶ್ನೆ: ಅಕ್ಕ, ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿಗೆ 28 ವರ್ಷ, ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಪಕ್ಕದ ತಾಲ್ಲೂಕಿನ ಸರ್ಕಾರಿ ಹೈಸ್ಕೂಲ್ ಮೇಷ್ಟ್ರನ್ನು ಪ್ರೀತಿಸುತ್ತಾಳೆ. ಕೊನೆಗೆ ರಾಜೀನಾಮೆ ಕೊಟ್ಟು ಮದುವೆಯಾಗುತ್ತಾಳೆ. ಓದಿದ ಗೆಳತಿ ಜಗಳಕ್ಕೇ ಬಂದಳು. ಪ್ರೀತಿ ಬಿಟ್ಟು ಅಧಿಕಾರ ಉಳಿಸಿಕೊಳ್ಳಲಿ ಅಂತ ಬರೆಯೋಕೆ ನನಗೆ ಮನಸ್ಸು ಬರುತ್ತಿಲ್ಲ. ಯಾವುದನ್ನು ಗೆಲ್ಲಿಸಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಗೆಳತಿ ಜಗಳಕ್ಕೆ ಬಂದದ್ದು ಒಳ್ಳೆಯದೇ ಆಯಿತು. ನೀವು ಕಳಿಸಿದ ಎರಡು ಅಧ್ಯಾಯ ಓದಿದೆ. ಕೆರೆ ಏರಿ ಮೇಲೆ ಇಬ್ಬರೂ ಮಾತಾಡುವ ಭಾಗ ತುಂಬಾ ಚೆನ್ನಾಗಿದೆ, ಅಲ್ಲಿ ಒಂದಕ್ಷರ ಮುಟ್ಟಬೇಡಿ. ಆದರೆ ಅವಳು ಪಂಚಾಯಿತಿ ಆಫೀಸಿನಲ್ಲಿ ಕಾಣುವುದು ಒಂದೂವರೆ ಪುಟ ಮಾತ್ರ. ಅಲ್ಲೂ 'ಫೈಲುಗಳಿಗೆ ಸಹಿ ಹಾಕಿದಳು' ಅಷ್ಟೇ. ಹಾಗಾದರೆ ರಾಜೀನಾಮೆ ಕೊಟ್ಟಾಗ ಅವಳು ಬಿಟ್ಟದ್ದೇನು? ಒಂದು ಕುರ್ಚಿ. ಕುರ್ಚಿ ಹೋದರೆ ಓದುವವರಿಗೆ ನೋವಾಗಲ್ಲ. ಅವಳ ಕೆಲಸ ಹೋದರೆ ನೋವಾಗಬೇಕು, ಅದಕ್ಕೆ ಮೊದಲು ಆ ಕೆಲಸ ಕಣ್ಣಿಗೆ ಕಾಣಬೇಕು ಅಲ್ವಾ?

ನನ್ನದೇ ಒಂದು ರಾತ್ರಿ ಹೇಳುತ್ತೇನೆ. ಏಪ್ರಿಲ್ ತಿಂಗಳು, ಗಂಟೆ ಹನ್ನೊಂದು ದಾಟಿತ್ತು. ನಮ್ಮ ವಾರ್ಡಿನ ಬೋರ್‌ವೆಲ್ ಮೋಟಾರು ಸುಟ್ಟು ಮೂರನೇ ದಿನ. ಬೇರೆ ಮೋಟಾರು ತಂದು ಇಳಿಸುತ್ತಿದ್ದರು, ನೀರುಗಂಟಿ ಪೈಪು ಹಿಡಿದಿದ್ದ, ನಾನು ಟಾರ್ಚು ಹಿಡಿದಿದ್ದೆ, ಸುತ್ತ ಹತ್ತು ಹದಿನೈದು ಹೆಂಗಸರು ಖಾಲಿ ಕೊಡ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಸ್ವಿಚ್ ಹಾಕಿದ ಮೇಲೆ ಮೊದಲು ಬರೀ ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಒಬ್ಬ ಅಜ್ಜಿ ಮೊದಲ ಕೊಡ ತುಂಬಿಸಿ, ಅದರಿಂದಲೇ ಒಂದು ಲೋಟ ಬಗ್ಗಿಸಿ ನನ್ನ ಕೈಗೆ ಕೊಟ್ಟು 'ಕುಡಿಯವ್ವ' ಅಂದರು. ನೀರಿಗೆ ಇನ್ನೂ ಕಬ್ಬಿಣದ ವಾಸನೆ ಇತ್ತು. ಫೋನ್ ನೋಡಿದರೆ ಮನೆಯಿಂದ ಏಳು ಮಿಸ್ಡ್ ಕಾಲ್. ಅವತ್ತು ನಮ್ಮ ಮದುವೆಯ ದಿನ, ಊಟ ಹಾಗೇ ಮುಚ್ಚಿಟ್ಟಿತ್ತು. ಆ ಲೋಟ ನೀರು ನನಗೆ ಎಷ್ಟು ಬೇಕಾಗಿತ್ತೋ ಮುಚ್ಚಿಟ್ಟ ಊಟವೂ ಅಷ್ಟೇ ಬೇಕಾಗಿತ್ತು. ನಿಮ್ಮ ನಾಯಕಿಗೆ ಇಂಥ ಒಂದು ರಾತ್ರಿ ಕೊಡಿ. ಆಮೇಲೆ ಅವಳ ರಾಜೀನಾಮೆ ಬರೆಯೋಕೆ ನಿಮ್ಮ ಕೈಯೇ ಓಡುತ್ತಾ ನೋಡಿ.

ಇನ್ನೊಂದು ವಿಷಯ. ನೀವು ಇವರಿಬ್ಬರ ಮಧ್ಯೆ ಒಬ್ಬ ಕೆಟ್ಟ ಎಮ್ಮೆಲ್ಲೆಯನ್ನು ತಂದಿದ್ದೀರಿ. ಅವನು ಬೇಕಾಗಿಲ್ಲ. ಇವರ ಬದುಕಿನಲ್ಲೇ ಬೇಕಾದಷ್ಟು ಅಡ್ಡಿಗಳಿವೆ. ನಾಯಕ ಸರ್ಕಾರಿ ಮೇಷ್ಟ್ರು ಅಂದಿರಿ. ಸರ್ಕಾರಿ ನೌಕರ ಚುನಾವಣೆ ಪ್ರಚಾರ ಮಾಡುವ ಹಾಗಿಲ್ಲ, ನಡತೆ ನಿಯಮ ಅಡ್ಡ ಬರುತ್ತದೆ. ಅವಳು ಮನೆಮನೆ ತಿರುಗಿ ಮತ ಕೇಳುವಾಗ ಅವನು ಪಕ್ಕದಲ್ಲಿ ನಡೆಯುವ ಹಾಗಿಲ್ಲ, ಒಂದು ಕರಪತ್ರ ಹಂಚುವ ಹಾಗಿಲ್ಲ. ಮತದಾನದ ದಿನವೋ, ಮೇಷ್ಟ್ರುಗಳಿಗೆ ಚುನಾವಣೆ ಡ್ಯೂಟಿ ಬಿದ್ದೇ ಬೀಳುತ್ತದೆ. ಅವಳ ಹಣೆಬರಹ ಬರೆಯುವ ದಿನ ಅವನು ಇನ್ಯಾವುದೋ ಊರಿನ ಶಾಲೆಯಲ್ಲಿ ಕೂತು ಗುರುತಿಲ್ಲದವರ ಬೆರಳಿಗೆ ಶಾಯಿ ಹಚ್ಚುತ್ತಿರುತ್ತಾನೆ, ಫೋನ್ ಮುಟ್ಟೋಕೂ ಬಿಡುವಿಲ್ಲ. ಈ ಒಂದು ಅಧ್ಯಾಯ ನೀವು ಬರೆಯಲೇಬೇಕು.

ಮದುವೆಯ ಮಾತಿಗೆ ಬನ್ನಿ. ಪಂಚಾಯಿತಿಗೆ ನಿಲ್ಲಬೇಕಾದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲೇ ಹೆಸರಿರಬೇಕು. ನಮ್ಮ ಕಡೆ ಮದುವೆಯಾದ ಹುಡುಗಿ ಗಂಡನ ಊರಿಗೆ ಹೋಗುತ್ತಾಳೆ, ಹಿಂದೆಯೇ ಅವಳ ವೋಟೂ ಹೋಗುತ್ತದೆ. ವೋಟು ಹೋದರೆ ಮುಂದಿನ ಚುನಾವಣೆಯೂ ಹೋಯಿತು. ಸೇರಕ್ಕಿ ಒದ್ದು ಹೊಸಿಲು ದಾಟುವ ಹುಡುಗಿಗೆ ಇದೂ ಮನಸ್ಸಿನಲ್ಲಿ ಓಡುತ್ತಿರುತ್ತದೆ ಅಂತ ನಮ್ಮ ಪ್ರೇಮ ಕಾದಂಬರಿಗಳಲ್ಲಿ ನಾನು ಓದಿದ್ದು ಕಡಿಮೆ. ಅವಳು ಹೋಗುವುದೇ ಬೇಡ ಅಂದರೆ? ಅವನು ಬರಬಹುದಲ್ಲ. ಮೇಷ್ಟ್ರುಗಳ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸರದಿ ಬಂದಾಗ ಅವನು ಟೌನಿನ ಒಳ್ಳೆಯ ಶಾಲೆ ಬಿಟ್ಟು ಅವಳ ಊರಿನ ಪಕ್ಕದ ಶಾಲೆಯ ಹೆಸರು ಹೇಳುತ್ತಾನೆ ಅಂದುಕೊಳ್ಳಿ. ಬಸ್ಸು ದಿನಕ್ಕೆ ಎರಡೇ, ಮನೆ ಬಾಡಿಗೆ ಭತ್ಯೆಯೂ ಕಡಿಮೆ. 'ನಿನಗೋಸ್ಕರ ಏನು ಬೇಕಾದರೂ ಮಾಡ್ತೀನಿ' ಅಂತ ಅವನು ಏರಿ ಮೇಲೆ ಹೇಳಿದ್ದು ಆಗ ನಿಜವಾಗುತ್ತದೆ.

ಯಾವುದು ಗೆಲ್ಲಬೇಕು ಅಂದಿರಿ. 2020ರ ಡಿಸೆಂಬರಿನಲ್ಲಿ ಚುನಾವಣೆ ನಡೆದ ನಮ್ಮ ಪಂಚಾಯಿತಿಗಳಲ್ಲಿ ಅಧ್ಯಕ್ಷಗಿರಿ 30 ತಿಂಗಳದ್ದು. ಅದು ಮುಗಿದು 2023ರಲ್ಲಿ ಎರಡನೇ ಅವಧಿಗೆ ಮೀಸಲಾತಿ ಬದಲಾಗಿ ಬೇರೆಯವರು ಬಂದರು. ಹಾಗಾಗಿ ಅವಳು ಯಾವುದನ್ನೂ ತ್ಯಾಗ ಮಾಡದೆಯೂ ಕುರ್ಚಿ ಹೋಗುತ್ತದೆ. ಅವಳ ತಪ್ಪಿಲ್ಲದೆ, ಒಂದು ಮೀಸಲಾತಿ ಪಟ್ಟಿ ಪ್ರಕಟವಾದ ಕಾರಣಕ್ಕೆ. ಅಧ್ಯಕ್ಷೆಯಲ್ಲದ ಬರೀ ಸದಸ್ಯೆ ಅವತ್ತು ಸಂಜೆ ಅವನ ಮುಂದೆ ಕೂತಾಗ ಏನು ಮಾತಾಡುತ್ತಾಳೆ? ಖುಷಿಯಾ, ಸೋಲಾ? ಅವನಿಗೆ ಒಳಗೊಳಗೇ ಸಮಾಧಾನ ಆಗಿ, ಅದು ಅವಳಿಗೆ ಗೊತ್ತಾಗಿಬಿಟ್ಟರೆ? ನಿಮ್ಮ ಕೊನೆಯ ಅಧ್ಯಾಯ ಅಲ್ಲಿದೆ ಅನ್ನಿಸುತ್ತದೆ ನನಗೆ.

ಪ್ರಶ್ನೆ: ಮೇಡಂ, ಗಂಡ ಹೆಂಡತಿ ಇಬ್ಬರೂ ರಾಜಕೀಯದಲ್ಲಿದ್ದು ಪ್ರೀತಿಯನ್ನೂ ಉಳಿಸಿಕೊಂಡ ನಿಜವಾದ ಉದಾಹರಣೆ ಇದೆಯಾ? ಕಾದಂಬರಿಗೆ ಎಳೆ ಸಿಗಬಹುದು ಅಂತ ಕೇಳಿದೆ.
– ಶಿವಮೊಗ್ಗ

ಉತ್ತರ: ನಮ್ಮಲ್ಲೇ ಇದ್ದರು. ಯಶೋಧರಾ ದಾಸಪ್ಪ ಮತ್ತು ಎಚ್.ಸಿ. ದಾಸಪ್ಪ. ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ದಾಸಪ್ಪನವರು ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದರು, ಯಶೋಧರಮ್ಮ ರಾಜ್ಯದಲ್ಲಿ ಮಂತ್ರಿಯಾದರು. ಪಾನನಿಷೇಧ ತೆಗೆದದ್ದನ್ನು ಒಪ್ಪದೆ ಆಕೆ ಮಂತ್ರಿ ಪದವಿಯನ್ನೇ ಬಿಟ್ಟರು. ರಾಜೀನಾಮೆ ಕೊಡುವ ನಾಯಕಿ ಬೇಕು ಅಂದರೆ ಇಂಥ ರಾಜೀನಾಮೆ ನೋಡಿ, ಮದುವೆಗಾಗಿ ಕೊಟ್ಟದ್ದಲ್ಲ ಅದು.

ಆದರೆ ನನ್ನನ್ನು ಬಿಡದೆ ಕಾಡುವುದು ಕೇರಳದ ಒಂದು ಜೋಡಿ. ಕೆ.ಆರ್. ಗೌರಿಯಮ್ಮ ಮತ್ತು ಟಿ.ವಿ. ಥಾಮಸ್. ಇಬ್ಬರೂ ಆಲಪ್ಪುಳ ಕಡೆಯವರು, ಇಬ್ಬರೂ ಕಮ್ಯುನಿಸ್ಟರು. ಆಕೆ ಈಳವ ಸಮುದಾಯದ ವಕೀಲೆ, ಆತ ಕ್ರಿಶ್ಚಿಯನ್ ಮನೆತನದ ಕಾರ್ಮಿಕ ನಾಯಕ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾಗಿ ಅವರ ಮೊದಲ ಸರ್ಕಾರ ಬಂದಾಗ ಇಬ್ಬರೂ ಮಂತ್ರಿಗಳು, ಅದೇ ವರ್ಷ ಮದುವೆ. ಆಕೆ ಕಂದಾಯ ಮಂತ್ರಿ, ಭೂಸುಧಾರಣೆಯ ಮಸೂದೆ ತಂದವರು. 1959ರಲ್ಲಿ ಸರ್ಕಾರವನ್ನು ವಜಾ ಮಾಡಿದರು, ಮದುವೆ ಅದನ್ನು ತಡೆದುಕೊಂಡಿತು. ಆದರೆ 1964ರಲ್ಲಿ ಪಕ್ಷ ಎರಡಾಯಿತು. ಥಾಮಸ್ ಸಿಪಿಐನಲ್ಲಿ ಉಳಿದರು, ಗೌರಿಯಮ್ಮ ಸಿಪಿಎಂಗೆ ಹೋದರು. ಪಕ್ಷದ ಬಿರುಕು ಮನೆಗೂ ಬಂತು, ಇಬ್ಬರೂ ದೂರವಾದರು. 1967ರಲ್ಲಿ ಎರಡೂ ಪಕ್ಷ ಸೇರಿ ಸರ್ಕಾರ ಮಾಡಿದಾಗ ಮತ್ತೆ ಒಂದೇ ಸಂಪುಟದಲ್ಲಿ ಇಬ್ಬರೂ ಮಂತ್ರಿಗಳು. ಎದುರುಬದುರು ಕೂರಬೇಕು, ಫೈಲು ಕಳಿಸಬೇಕು, ವಿಧಾನಸಭೆಯಲ್ಲಿ ಒಂದೇ ಕಡೆ ಕೂತು ಉತ್ತರ ಕೊಡಬೇಕು. ಯೋಚನೆ ಮಾಡಿ, ಬಿಟ್ಟು ಹೋದವರನ್ನು ಮರೆಯೋಕೆ ಬೇರೆಯವರಿಗೆ ಊರು ಬಿಡುವ ದಾರಿಯಾದರೂ ಇರುತ್ತದೆ. ಥಾಮಸ್ 1977ರಲ್ಲಿ ತೀರಿಕೊಂಡರು. ಗೌರಿಯಮ್ಮ 2021ರ ಮೇ ತಿಂಗಳವರೆಗೆ ಬದುಕಿದ್ದರು, 101 ವರ್ಷ.

ನೀವು ಪ್ರೀತಿ ಉಳಿದ ಉದಾಹರಣೆ ಕೇಳಿದಿರಿ, ನಾನು ಮುರಿದದ್ದನ್ನು ಹೇಳಿದೆ. ಯಾಕೆಂದರೆ ಅಲ್ಲಿ ಪ್ರೀತಿಯೂ ಸುಳ್ಳಲ್ಲ, ನಂಬಿದ ವಿಚಾರವೂ ಸುಳ್ಳಲ್ಲ. ಯಾರನ್ನೂ ಕೆಟ್ಟವರು ಮಾಡದೆ ಬರೆಯಬೇಕಾದ ಕಥೆ ಅದು. ಅವರ ಹೆಸರಿಟ್ಟು ಮನಸ್ಸಿನೊಳಗಿನ ಮಾತು ಕಟ್ಟಬೇಡಿ, ಅದು ಅವರಿಗೆ ಸೇರಿದ್ದು. ಎಳೆ ಮಾತ್ರ ತೆಗೆದುಕೊಂಡು ನಿಮ್ಮದೇ ಜೋಡಿಯನ್ನು ನಿಮ್ಮದೇ ಊರಿನಲ್ಲಿ ಹುಟ್ಟಿಸಿ.

ಪ್ರಶ್ನೆ: ನನ್ನ ಕಥೆಯಲ್ಲಿ ಗಂಡ ಒಳ್ಳೆಯವನು, ಅಧ್ಯಕ್ಷೆಯಾದ ಹೆಂಡತಿಗೆ ಎಲ್ಲದರಲ್ಲೂ ಸಹಾಯ ಮಾಡುತ್ತಾನೆ. ಓದಿದವರೆಲ್ಲ 'ಇದು ಅಧ್ಯಕ್ಷೆ ಗಂಡನ ದರ್ಬಾರು' ಅಂತಾರೆ. ಬೇಜಾರಾಗಿದೆ.
– ದಾವಣಗೆರೆ

ಉತ್ತರ: ಬೇಜಾರು ಬೇಡ, ಆದರೆ ಅವರು ಹಾಗೆ ಅನ್ನೋಕೆ ಕಾರಣ ಇದೆ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಎಷ್ಟೋ ಕಡೆ ಹೆಸರು ಹೆಂಡತಿಯದು, ಮಾತು ಗಂಡನದು. ನಾನೇ ನೋಡಿದ್ದೇನೆ, ಸದಸ್ಯೆಯ ಫೋನ್ ಗಂಡನ ಜೇಬಿನಲ್ಲಿರುತ್ತಿತ್ತು. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಫೋನ್ ಮಾಡಿದರೆ 'ಹೇಳಿ ಸಾರ್' ಅನ್ನುವವನು ಅವನು. ಆಯಮ್ಮ ಸಭೆಗೆ ಬಂದು ಪುಸ್ತಕದಲ್ಲಿ ಸಹಿ ಹಾಕಿ ಟೀ ಕುಡಿದು ಹೋಗುತ್ತಿದ್ದರು. ಒಂದು ದಿನ ಅವರ ವಾರ್ಡಿನ ಚರಂಡಿ ವಿಷಯ ಬಂತು, ಆಯಮ್ಮ ಬಾಯಿ ತೆಗೆದು ಎರಡು ಮಾತು ಆಡಿದರು, ಎಷ್ಟು ಸರಿಯಾಗಿ ಹೇಳಿದರು ಅಂದರೆ ಎಲ್ಲರೂ ಸುಮ್ನೆ ಕೇಳಿಸಿಕೊಂಡೆವು. ಅಷ್ಟು ದಿನ ಆ ಮಾತೆಲ್ಲ ಎಲ್ಲಿತ್ತು ಅಂತ ನನಗೆ ಇವತ್ತಿಗೂ ಸಂಕಟ.

ಅದಕ್ಕೇ ನಿಮ್ಮ ನಾಯಕ ಏನು ಮಾಡುತ್ತಾನೆ ಅನ್ನುವುದಕ್ಕಿಂತ ಏನು ಮಾಡಲ್ಲ ಅನ್ನುವುದನ್ನು ಬರೆಯಿರಿ. ಅವಳನ್ನು ಬೈಕಿನಲ್ಲಿ ತಾಲ್ಲೂಕು ಪಂಚಾಯಿತಿಗೆ ಬಿಟ್ಟು ಹೊರಗೆ ಮರದ ಕೆಳಗೆ ನಿಂತಿರುತ್ತಾನೆ. ಯಾರೋ ಅರ್ಜಿ ಹಿಡಿದುಕೊಂಡು 'ಅಣ್ಣ, ನಮ್ಮದೊಂದು ಮನೆ ಬಿಲ್ಲು' ಅಂತ ಇವನ ಹತ್ತಿರ ಬರುತ್ತಾರೆ. ಇವನು ಅರ್ಜಿ ಮುಟ್ಟದೆ 'ಮೇಡಂ ಒಳಗಿದ್ದಾರೆ, ಅವರಿಗೇ ಕೊಡಿ' ಅನ್ನುತ್ತಾನೆ. ಅರ್ಜಿ ತಂದವರಿಗೆ ಸಿಟ್ಟು ಬರುತ್ತದೆ, 'ಹೆಂಡ್ತಿಗೆ ಹೆದರ್ತಾನೆ' ಅಂತ ಊರಲ್ಲಿ ಮಾತೂ ಆಗುತ್ತದೆ. ಆ ಮಾತು ಕೇಳಿಸಿಕೊಂಡೂ ನಾಳೆ ಅದೇ ಮರದ ಕೆಳಗೆ ನಿಲ್ಲುವವನಾದರೆ ಓದುವ ಹೆಣ್ಣುಮಕ್ಕಳು ಅವನನ್ನು ಪ್ರೀತಿಸುತ್ತಾರೆ. ಅಡುಗೆಯನ್ನೂ ಅವನೇ ಮಾಡಲಿ, ತಪ್ಪೇನಿಲ್ಲ.

ಪ್ರಶ್ನೆ: ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ಪಂಚಾಯಿತಿ ಒಳಗೆ ಏನು ನಡೆಯುತ್ತದೆ ಗೊತ್ತಿಲ್ಲ. ಇಂಥ ಕಥೆ ಬರೆಯುವ ಆಸೆ ಬಿಟ್ಟುಬಿಡಲಾ?
– ಬಸವನಗುಡಿ, ಬೆಂಗಳೂರು

ಉತ್ತರ: ಯಾಕೆ ಬಿಡಬೇಕು? ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕು. ಮುಚ್ಚಿದ ಬಾಗಿಲಿನ ಸಭೆಯಲ್ಲ ಅದು, ಊರವರೆಲ್ಲ ಬಂದು ಕೂರುವಂಥದ್ದು. ಯಾರಾದರೂ ನೆಂಟರ ಊರಿಗೆ ಹೋಗಿ, ಅವರ ಜೊತೆ ಹಿಂದೆ ಕೂತು ನೋಡಿ. ಅಧ್ಯಕ್ಷೆ ಉತ್ತರ ಕೊಡುವಾಗ ಯಾರ ಮುಖ ನೋಡುತ್ತಾಳೆ ಅನ್ನುವುದನ್ನು ಮಾತ್ರ ಗಮನಿಸಿ, ಒಂದು ಅಧ್ಯಾಯಕ್ಕೆ ಸಾಕು.

ಇಲ್ಲ, ನನ್ನ ಊರಿನ ಕಥೆಯೇ ಬೇಕು ಅಂದರೆ ಅದೂ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಪಾಲಿಕೆಯ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಇವತ್ತು ನಾಳೆ ಅಂತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 32 ವರ್ಷದ ಒಬ್ಬ ಮಾಜಿ ಕಾರ್ಪೊರೇಟರ್ ಇದ್ದಾಳೆ ಅಂದುಕೊಳ್ಳಿ. ಅವಳು 'ಈ ಎಲೆಕ್ಷನ್ ಒಂದು ಮುಗೀಲಿ, ಮದುವೆ ಆಗೋಣ' ಅಂತ ಹುಡುಗನಿಗೆ ಮಾತು ಕೊಟ್ಟಿದ್ದಾಳೆ. ಎಲೆಕ್ಷನ್ ಬರುತ್ತಿಲ್ಲ. ಅಧಿಕಾರ ಇಲ್ಲ, ಆದರೂ ಬೆಳಿಗ್ಗೆ ಎದ್ದರೆ ಕಸದ ಗಾಡಿ ಬಂದಿಲ್ಲ ಅಂತ ಜನ ಇವಳಿಗೇ ಫೋನ್ ಮಾಡುತ್ತಾರೆ, ಇವಳೂ ಎತ್ತುತ್ತಾಳೆ. ಹುಡುಗ ಮೂರನೇ ಸಲ ಕಲ್ಯಾಣ ಮಂಟಪದ ಬುಕಿಂಗ್ ಮುಂದೂಡಿ ಬಂದಿದ್ದಾನೆ. ಗಾಂಧಿಬಜಾರಿನಲ್ಲಿ ಇಬ್ಬರೂ ಕಾಫಿಗೆ ಕೂತಿದ್ದಾರೆ. ಅವಳ ಫೋನ್ ರಿಂಗಾಗುತ್ತದೆ. ಅಲ್ಲಿಂದ ಶುರು ಮಾಡಿ, ಮೊದಲ ಹತ್ತು ಪುಟ ನನಗೆ ಕಳಿಸಿ.